ಆರಿಸಿದರೂ ಆರದ ಕಂಪ್ಯೂಟರ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಬೇಕಾದವರಿಗೆ ಇನ್ನೊಂದು ವರ್ಷದ ವಾಯಿದೆ ಕೊಟ್ಟಿದ್ದಾರೆ, ಅಷ್ಟೆ. ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿಯ ಮನೆಗಳ ಮೂಲೆಯಲ್ಲಿ ಕೂತಿರುವ ಹತ್ತು ವರ್ಷದ ಹಳೆಯ ಡೆಸ್ಕ್‌ಟಾಪ್‌ಗಳನ್ನು ಇಟ್ಟುಕೊಳ್ಳುವುದೋ, ಗುಜರಿಗೆ ಕೊಡುವುದೋ ಎಂಬ ಮಾತು ಈಗ ಊಟದ ಹೊತ್ತಿನಲ್ಲೂ ಬರುತ್ತಿದೆ. ಒಂದು ತಲೆಮಾರಿನ ಯಂತ್ರಗಳು ಹೊರಡುವ ಸಮಯವಾದ್ದರಿಂದ ಹಳೆಯ ಲೆಕ್ಕವೊಂದನ್ನು ತೆಗೆಯಬಹುದು. ಗುಂಡಿ ಒತ್ತಿದ ಮೇಲೆ ಕಂಪ್ಯೂಟರ್ ಕೆಲಸಕ್ಕೆ ಬರುವ ತನಕ ನಾವು ಮೂವತ್ತು ವರ್ಷ ಕಾದೆವು. ಆ ಕಾಯುವಿಕೆ ಹೇಗೆ ಕರಗಿತು, ಅದಕ್ಕೆ ಏನು ತೆತ್ತೆವು?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ವೇಗ ಎರಡು ದಾರಿಯಲ್ಲಿ ಬಂತು. ಒಂದು, ಡಿಸ್ಕ್ ಬದಲಾಗಿ ಬಂದ ನಿಜವಾದ ವೇಗ. ಇನ್ನೊಂದು, ಯಂತ್ರವನ್ನು ಪೂರ್ತಿ ಆರಿಸದೆ, ಆರಿಸಿದಂತೆ ತೋರಿಸಿ ಗಳಿಸಿದ್ದು. ಇವೆರಡರ ನಡುವೆ ನಮ್ಮ ಊರಿನ ಕರೆಂಟಿಗೆ ಹೇಳಿ ಮಾಡಿಸಿದಂತಿದ್ದ ಹೈಬರ್ನೇಟ್ ಎಂಬ ಸವಲತ್ತನ್ನು ಮಾತ್ರ ಸುಲಭಕ್ಕೆ ಕೈಗೆ ಸಿಗದ ಜಾಗದಲ್ಲಿ ಇಟ್ಟರು.

ತೊಂಬತ್ತರ ದಶಕದ ಕೊನೆಗೆ ಈ ಭಾಗದ ಮನೆಗಳಿಗೆ ಬಂದ ಕಂಪ್ಯೂಟರುಗಳಲ್ಲಿ ಅನೇಕವು ಎಸ್.ಪಿ. ರೋಡಿನಲ್ಲಿ ಜೋಡಿಸಿದವು. ಬಿಳಿ ತಗಡಿನ ಡಬ್ಬ, ಅದರ ಮೇಲೆ ಸಿಆರ್‌ಟಿ ಮಾನಿಟರ್, ಧೂಳು ಕೂರದಂತೆ ಹೊದಿಸಿದ ಪ್ಲಾಸ್ಟಿಕ್ ಕವರ್. ಗುಂಡಿ ಒತ್ತಿದರೆ ಮೊದಲು ಫ್ಯಾನಿನ ಸದ್ದು. ಆಮೇಲೆ ಕಪ್ಪು ತೆರೆಯ ಮೇಲೆ ಮೆಮೊರಿಯ ಎಣಿಕೆ, ಒಂದು ಬೀಪ್, ಹಾರ್ಡ್‌ಡಿಸ್ಕಿನ ಕರಕರ. ಆ ಕಪ್ಪು ತೆರೆಯ ಬಲ ಮೇಲ್ಮೂಲೆಯಲ್ಲಿ ಎನರ್ಜಿ ಸ್ಟಾರ್ ಲಾಂಛನವೊಂದು ಕಾಣಿಸಿ ಹೋಗುತ್ತಿತ್ತು. ಅದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ ಶುರುಮಾಡಿದ ವಿದ್ಯುತ್ ಉಳಿತಾಯ ಯೋಜನೆಯ ಗುರುತು. ಕೆಲಸವಿಲ್ಲದೆ ಉರಿಯುವ ಕಂಪ್ಯೂಟರನ್ನು ಮಲಗಿಸಬೇಕು ಎಂಬ ಯೋಚನೆಗೆ ದೊಡ್ಡ ಒತ್ತು ಸಿಕ್ಕಿದ್ದು ಅಲ್ಲಿಂದ. ಅದೇ ವರ್ಷ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಎಪಿಎಂ ಎಂಬ ವಿದ್ಯುತ್ ನಿರ್ವಹಣೆಯ ವ್ಯವಸ್ಥೆ ತಂದವು. 1996ರ ಡಿಸೆಂಬರ್‌ನಲ್ಲಿ ತೋಷಿಬಾ ಕೂಡ ಜೊತೆಯಾಗಿ ಎಸಿಪಿಐ ಎಂಬ ಮಾನದಂಡದ ದಸ್ತಾವೇಜು ಬಂತು. ಇವತ್ತಿನ ಸ್ಲೀಪ್, ಹೈಬರ್ನೇಟ್, ಶಟ್‌ಡೌನ್ ಎಲ್ಲ ಮೂಲದಲ್ಲಿ ಆ ದಸ್ತಾವೇಜಿನ ಎಸ್3, ಎಸ್4, ಎಸ್5 ಸ್ಥಿತಿಗಳೇ.

ಇವುಗಳ ವ್ಯತ್ಯಾಸವನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದಿನ ತಕರಾರೆಲ್ಲ ಇಲ್ಲಿಂದಲೇ ಹುಟ್ಟುತ್ತದೆ. ಎಸ್3, ಅಂದರೆ ಸ್ಲೀಪ್‌ನಲ್ಲಿ ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲ ನಿಂತು ರ‍್ಯಾಮ್‌ಗೆ ಮಾತ್ರ ಕರೆಂಟ್ ಹೋಗುತ್ತಿರುತ್ತದೆ. ರ‍್ಯಾಮ್‌ನ ಒಂದೊಂದು ಬಿಟ್ಟೂ ಕೆಪಾಸಿಟರ್‌ನಲ್ಲಿ ನಿಂತ ಕಿಂಚಿತ್ ವಿದ್ಯುತ್ತು. ಅದು ಸೋರುತ್ತಲೇ ಇರುವುದರಿಂದ ಸುಮಾರು 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಮತ್ತೆ ತುಂಬಬೇಕು. ಕರೆಂಟ್ ಹೋದರೆ ತೆರೆದಿಟ್ಟ ಕೆಲಸವೆಲ್ಲ ಹೋಯಿತು. ಎಸ್4, ಅಂದರೆ ಹೈಬರ್ನೇಟ್‌ನಲ್ಲಿ ರ‍್ಯಾಮ್‌ನಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಆರುತ್ತದೆ. ಪ್ಲಗ್ ಕಿತ್ತು, ವಾರ ಬಿಟ್ಟು ಬಂದರೂ ಬಿಟ್ಟ ಪುಟ ಬಿಟ್ಟಲ್ಲೇ ಇರುತ್ತದೆ. ಎಸ್5ರ ಶಟ್‌ಡೌನ್‌ನಲ್ಲಿ ಏನೂ ಉಳಿಯುವುದಿಲ್ಲ, ಮರುದಿನ ಎಲ್ಲವೂ ಮೊದಲಿಂದ.

ಸ್ಲೀಪ್ ಎನ್ನುವುದು ಕರೆಂಟ್ ಹೋಗದ ಊರಿನವರು ಕಂಡುಹಿಡಿದ ಸೌಕರ್ಯ. ನಮ್ಮದು ಅಂಥ ಊರಾಗಿರಲಿಲ್ಲ. ವಿದ್ಯುತ್ ಮಂಡಳಿಯಾಗಿದ್ದ ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಗಿ, 2002ರಲ್ಲಿ ನಗರದ ವಿತರಣೆ ಬೆಸ್ಕಾಂಗೆ ಬಂದರೂ ಹಿರಿಯರ ಬಾಯಲ್ಲಿ ಅದಿನ್ನೂ ಕೆಇಬಿಯೇ. ಏಪ್ರಿಲ್ ಕೊನೆಯ ಮೊದಲ ಗಾಳಿಮಳೆಗೆ ಜಯನಗರದ ಮರದ ಕೊಂಬೆ ತಂತಿಯ ಮೇಲೆ ಬೀಳುತ್ತದೆ. ಪತ್ರಿಕೆಯ ಒಳಪುಟದ ‘ಇಂದು ವಿದ್ಯುತ್ ವ್ಯತ್ಯಯ’ ಎಂಬ ಸಣ್ಣಕ್ಷರದ ಪಟ್ಟಿಯಲ್ಲಿ ನಮ್ಮ ಬಡಾವಣೆಯ ಹೆಸರಿದೆಯೇ ಎಂದು ನೋಡಿಯೇ ಮಿಕ್ಸಿ, ಪಂಪು, ಕಂಪ್ಯೂಟರಿನ ಕಾರ್ಯಕ್ರಮ ಹಾಕಿಕೊಳ್ಳುತ್ತಿದ್ದೆವು. 2015ರ ಲೋಡ್‌ಶೆಡ್ಡಿಂಗ್ ಅಂತೂ ಹಳೆಯ ದಿನಗಳನ್ನು ಮತ್ತೆ ತಂದಿತ್ತು. ಈಚೆಗೆ ಕೇಬಲ್‌ಗಳು ನೆಲದಡಿಗೆ ಇಳಿಯುತ್ತಿವೆ, ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಆದರೂ ಗೋಡೆಯ ಪ್ಲಗ್ಗನ್ನೇ ನಂಬಿ ಡೆಸ್ಕ್‌ಟಾಪನ್ನು ರಾತ್ರಿಯಿಡೀ ಸ್ಲೀಪ್‌ನಲ್ಲಿ ಬಿಡುವ ಧೈರ್ಯ ಈ ಊರಿನಲ್ಲಿ ಇನ್ನೂ ಎಲ್ಲರಿಗೂ ಬಂದಿಲ್ಲ.

ಎರಡು ಸಾವಿರದ ದಶಕದ ಡಿಟಿಪಿ ಅಂಗಡಿಗಳನ್ನು ನೆನಪಿಸಿಕೊಳ್ಳಿ. ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಕೂರಿಸುತ್ತಿದ್ದಾರೆ. ಹುಡುಗಿಯ ಕಡೆಯವರು ಪಕ್ಕದ ಸ್ಟೂಲಿನಲ್ಲಿ ಕೂತು ‘ಅಜ್ಜಿ ಹೆಸರು ಬಿಟ್ಟುಹೋಗಿದೆ ನೋಡಿ’ ಅನ್ನುತ್ತಿದ್ದಾರೆ. ಫ್ಯಾನ್ ನಿಂತಿತು, ಟ್ಯೂಬ್‌ಲೈಟ್ ಆರಿತು, ಮೇಜಿನ ಕೆಳಗೆ ಯುಪಿಎಸ್ ಕೂಗತೊಡಗಿತು. ‘ಸೇವ್ ಮಾಡೋ, ಸೇವ್ ಮಾಡೋ’ ಎಂದು ಮಾಲೀಕರ ಕೂಗು. ಆ 600 ವಿಎ ಯುಪಿಎಸ್ ಒಳಗಿರುತ್ತಿದ್ದುದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ. ಹೊಸದಿದ್ದಾಗ ಹತ್ತು ಹದಿನೈದು ನಿಮಿಷ ತಡೆದರೆ, ಎರಡು ವರ್ಷ ಕಳೆದ ಮೇಲೆ ಒಂದೆರಡು ನಿಮಿಷವೇ ಹೆಚ್ಚು. ಕರೆಂಟ್ ಬಂದ ಮೇಲೆ ನೀಲಿ ತೆರೆಯ ಮೇಲೆ ಸ್ಕ್ಯಾನ್‌ಡಿಸ್ಕ್ ಓಡುವುದನ್ನು ಅಂಗಡಿಯವರೂ ಗಿರಾಕಿಗಳೂ ಸೇರಿ ನೋಡಬೇಕು.

ಹೈಬರ್ನೇಟ್ ಇದ್ದುದೇ ಇಂಥ ಹೊತ್ತಿಗೆ. 2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಇತ್ತು ಕೂಡ. ಮೊದಲಿಂದ ಶುರುವಾಗಲು 30 ಸೆಕೆಂಡ್, ಹೈಬರ್ನೇಟ್‌ನಿಂದ ಏಳಲು 20, ಸ್ಟ್ಯಾಂಡ್‌ಬೈಯಿಂದ (ಸ್ಲೀಪ್‌ಗೆ ಆಗಿನ ಹೆಸರು) ಏಳಲು 5 ಎಂಬುದು ಎಕ್ಸ್‌ಪಿ ಕಟ್ಟಿದವರು ಇಟ್ಟುಕೊಂಡಿದ್ದ ಗುರಿ. ಆ ಕಾಲದ 256 ಎಂಬಿ ರ‍್ಯಾಮ್ ಅನ್ನು ಆ ಕಾಲದ ಡಿಸ್ಕಿಗೆ ಬರೆಯಲು ಹತ್ತು ಸೆಕೆಂಡಿನ ಆಜುಬಾಜು ಸಾಕು. ಯುಪಿಎಸ್ ಆರುವುದರೊಳಗೆ ಹತ್ತು ಸಲ ಬರೆಯಬಹುದಿತ್ತು. ಆದರೆ ಎಕ್ಸ್‌ಪಿಯ ಶಟ್‌ಡೌನ್ ಪೆಟ್ಟಿಗೆ ತೆರೆದರೆ ಕಾಣುತ್ತಿದ್ದುದು ಸ್ಟ್ಯಾಂಡ್‌ಬೈ, ಟರ್ನ್ ಆಫ್, ರೀಸ್ಟಾರ್ಟ್ ಎಂಬ ಮೂರು ಗುಂಡಿ ಮಾತ್ರ. ಶಿಫ್ಟ್ ಕೀ ಒತ್ತಿ ಹಿಡಿದರೆ ಸ್ಟ್ಯಾಂಡ್‌ಬೈ ಹೋಗಿ ಆ ಜಾಗದಲ್ಲಿ ಹೈಬರ್ನೇಟ್ ಬರುತ್ತಿತ್ತು. ಇದು ಎಷ್ಟು ಅಂಗಡಿಯವರಿಗೆ ಗೊತ್ತಿರಲು ಸಾಧ್ಯ?

ಎಕ್ಸ್‌ಪಿಯ ನಂತರ ಬಂದ ವಿಂಡೋಸ್ ವಿಸ್ತಾವನ್ನು ಬೈಯದವರಿಲ್ಲ. ಆದರೂ ಅದಕ್ಕೆ ಸಲ್ಲಬೇಕಾದದ್ದು ಸಲ್ಲಲಿ. 2007ರಲ್ಲಿ ಜನರ ಕೈಗೆ ಬಂದ ಆ ಆವೃತ್ತಿಯಲ್ಲಿ ಹೈಬ್ರಿಡ್ ಸ್ಲೀಪ್ ಎಂದೊಂದಿತ್ತು. ಯಂತ್ರ ಮಲಗುವ ಮುಂಚೆ ರ‍್ಯಾಮ್‌ನಲ್ಲಿದ್ದುದನ್ನು ಡಿಸ್ಕಿಗೂ ಬರೆದಿಡುತ್ತಿತ್ತು. ಕರೆಂಟ್ ಇದ್ದರೆ ಸ್ಲೀಪ್‌ನಷ್ಟೇ ಬೇಗ ಏಳುತ್ತದೆ, ಹೋದರೆ ಹೈಬರ್ನೇಟ್‌ನಂತೆ ಎಲ್ಲ ಉಳಿಯುತ್ತದೆ. ಮೂವತ್ತು ವರ್ಷದಲ್ಲಿ ಬಂದ ಏರ್ಪಾಡುಗಳಲ್ಲಿ ಬನಶಂಕರಿಯ ಡೆಸ್ಕ್‌ಟಾಪಿಗೆ ಇದಕ್ಕಿಂತ ಹೊಂದುವಂಥದ್ದು ಇನ್ನೊಂದಿಲ್ಲ. ವಿಸ್ತಾ ಓಡಲು ಬೇಕಾದ ಯಂತ್ರ ನಮ್ಮಲ್ಲಿರಲಿಲ್ಲ, ಎಲ್ಲರೂ ಎಕ್ಸ್‌ಪಿಗೇ ಅಂಟಿಕೊಂಡೆವು. ವಿಸ್ತಾದ ಅಪಕೀರ್ತಿಯ ಜೊತೆಗೆ ಹೈಬ್ರಿಡ್ ಸ್ಲೀಪ್‌ನ ಹೆಸರೂ ಮರೆಗೆ ಸರಿಯಿತು. ಡೆಸ್ಕ್‌ಟಾಪುಗಳಲ್ಲಿ ಇವತ್ತಿಗೂ ಆ ಆಯ್ಕೆ ಸಿಗುತ್ತದೆ.

ಇನ್ನು ಆರಿಸಿದಂತೆ ತೋರಿಸುವ ವೇಗ. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದು ಕೇಳದೆಯೇ ಆನ್ ಆಗಿ ಬರುತ್ತದೆ. ಶಟ್‌ಡೌನ್ ಒತ್ತಿದರೆ ನಿಮ್ಮ ಕಡತ, ಬ್ರೌಸರ್ ಎಲ್ಲ ಮುಚ್ಚುತ್ತವೆ. ಒಳಗಿನ ಕರ್ನಲ್ ಮತ್ತು ಡ್ರೈವರ್‌ಗಳು ಮಾತ್ರ ಮುಚ್ಚದೆ ಹೈಬರ್ನೇಟ್ ಆಗುತ್ತವೆ. ಬೆಳಿಗ್ಗೆ ಗುಂಡಿ ಒತ್ತಿದಾಗ ಅದನ್ನೇ ಡಿಸ್ಕಿನಿಂದ ಎತ್ತಿಕೊಳ್ಳುವುದರಿಂದ ಬೇಗ ಶುರುವಾದಂತೆ ಕಾಣುತ್ತದೆ.

ಇದರ ಫಲವನ್ನು ರಿಪೇರಿ ಅಂಗಡಿಯಲ್ಲಿ ನಿಂತರೆ ನೋಡಬಹುದು. ‘ಸಿಸ್ಟಮ್ ತುಂಬಾ ಸ್ಲೋ ಆಗಿದೆಯಪ್ಪಾ’ ಎಂದು ನಿವೃತ್ತರೊಬ್ಬರು ಲ್ಯಾಪ್‌ಟಾಪ್ ತಂದಿಡುತ್ತಾರೆ. ‘ರೀಸ್ಟಾರ್ಟ್ ಮಾಡಿದ್ರಾ ಸಾರ್?’ ‘ದಿನಾ ರಾತ್ರಿ ಶಟ್‌ಡೌನ್ ಮಾಡೇ ಮಲಗ್ತೀನಿ.’ ಹುಡುಗ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಕೆಳಗೆ ಅಪ್‌ಟೈಮ್ ಅನ್ನು ಬೆರಳಿಟ್ಟು ತೋರಿಸುತ್ತಾನೆ. ಯಂತ್ರ ವಾರಗಟ್ಟಲೆಯಿಂದ ಆರಿಯೇ ಇಲ್ಲ ಎನ್ನುತ್ತದೆ ಆ ಅಂಕಿ. ಹಿರಿಯರಿಗೆ ಹುಡುಗನ ಮೇಲೇ ಅನುಮಾನ. ಇಬ್ಬರೂ ಹೇಳುತ್ತಿರುವುದು ನಿಜ. ಇವತ್ತಿನ ವಿಂಡೋಸ್‌ನಲ್ಲಿ ಯಂತ್ರವನ್ನು ನಿಜಕ್ಕೂ ಹೊಸದಾಗಿ ಶುರುಮಾಡುವ ಗುಂಡಿ ರೀಸ್ಟಾರ್ಟ್, ಶಟ್‌ಡೌನ್ ಅಲ್ಲ. ಶಟ್‌ಡೌನ್‌ನಿಂದಲೇ ಪೂರ್ತಿ ಆರಿಸಬೇಕೆಂದರೆ ಮತ್ತೆ ಅದೇ ಶಿಫ್ಟ್ ಕೀ ಒತ್ತಿ ಹಿಡಿಯಬೇಕು. ಅಂದು ಹೈಬರ್ನೇಟ್ ಬಚ್ಚಿಟ್ಟಿದ್ದ ಜಾಗದಲ್ಲೇ ಇಂದು ಶಟ್‌ಡೌನ್ ಅನ್ನೂ ಬಚ್ಚಿಟ್ಟಿದ್ದಾರೆ. ಬನಶಂಕರಿ, ಕುಮಾರಸ್ವಾಮಿ ಬಡಾವಣೆಯ ಎಂಜಿನಿಯರಿಂಗ್ ಹುಡುಗರು ಇದನ್ನು ಬೇರೆ ರೀತಿಯಲ್ಲಿ ಕಲಿಯುತ್ತಾರೆ. ಒಂದೇ ಲ್ಯಾಪ್‌ಟಾಪಿನಲ್ಲಿ ಉಬುಂಟು, ವಿಂಡೋಸ್ ಎರಡನ್ನೂ ಹಾಕಿಕೊಂಡವರಿಗೆ, ವಿಂಡೋಸ್ ‘ಆರಿಸಿ’ ಉಬುಂಟುಗೆ ಬಂದರೆ, ವಿಂಡೋಸ್ ಭಾಗದ ಕಡತ ಓದಲು ಸಿಗುತ್ತದೆ, ಬರೆಯಲು ಬಿಡುವುದಿಲ್ಲ. ಪೂರ್ತಿ ಮುಚ್ಚದೆ ಹೈಬರ್ನೇಟ್ ಆಗಿರುವ ವ್ಯವಸ್ಥೆಯ ಡಿಸ್ಕನ್ನು ಮುಟ್ಟಬಾರದೆಂಬ ಎಚ್ಚರ ಅದು.

ನಿಜವಾದ ವೇಗದ ಬಗ್ಗೆ ದೂರಲು ನಮ್ಮ ಬಳಿ ಏನೂ ಇಲ್ಲ. ಲ್ಯಾಪ್‌ಟಾಪಿನ ಹಳೆಯ ಹಾರ್ಡ್‌ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತಿತ್ತು, ಒಂದು ಸುತ್ತಿಗೇ 11 ಮಿಲಿಸೆಕೆಂಡ್. ಶುರುವಾಗುವಾಗ ಓದಬೇಕಾದದ್ದು ಅಲ್ಲೊಂದು ಇಲ್ಲೊಂದು ಚದುರಿದ ಸಾವಿರಾರು ಚೂರುಗಳು. ತಲೆ ಓಡಾಡಿ ಓಡಾಡಿಯೇ ಎರಡು ಮೂರು ನಿಮಿಷ ಹೋಗುತ್ತಿತ್ತು. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಇಲ್ಲ, ಒಂದು ಚೂರು ಸಿಗಲು ಮಿಲಿಸೆಕೆಂಡಿನ ಹತ್ತರಲ್ಲೊಂದು ಪಾಲು ಸಾಕು. ಅದರ ಬೆಲೆ ಇಳಿದ ಮೇಲೆ ‘ಎಸ್‌ಎಸ್‌ಡಿ ಹಾಕಿಸಿ ಸಾರ್’ ಎಂಬುದು ಜಯನಗರದ ನಾಲ್ಕನೇ ಬ್ಲಾಕಿನಿಂದ ಬಿಟಿಎಂವರೆಗೆ ರಿಪೇರಿಯವರ ಮಂತ್ರವಾಯಿತು. ಗಿರಾಕಿಗೆ ಅವರು ಕೊಟ್ಟ ಅತ್ಯಂತ ಪ್ರಾಮಾಣಿಕ ಸಲಹೆಯೂ ಅದೇ. ಡಿಸ್ಕೇ ಇಷ್ಟು ಚುರುಕಾದ ಮೇಲೆ ಫಾಸ್ಟ್ ಸ್ಟಾರ್ಟಪ್ ಉಳಿಸುವುದು ಕೆಲವೇ ಸೆಕೆಂಡ್. ಅದನ್ನು ಇನ್ನೂ ಆನ್ ಮಾಡಿಯೇ ಕಳಿಸುವುದಕ್ಕೆ ಕಾರಣ ನಮಗೆ ತೋರುತ್ತಿಲ್ಲ.

2020ರ ಮಾರ್ಚ್‌ನ ಲಾಕ್‌ಡೌನ್ ಆಫೀಸನ್ನು ಮನೆಗೆ ತಂದಿತು, ಡೆಸ್ಕ್‌ಟಾಪ್ ಇದ್ದ ಕಡೆ ಲ್ಯಾಪ್‌ಟಾಪ್ ಬಂತು. ಕರೆಂಟ್ ಹೋದರೂ ಬ್ಯಾಟರಿ ಇದೆ ಎಂದು ನಿಟ್ಟುಸಿರು ಬಿಡುವ ಹೊತ್ತಿಗೆ ಸ್ಲೀಪ್ ಎಂಬ ಹೆಸರಿನಡಿಯ ಸರಕೇ ಬದಲಾಗಿತ್ತು. ಹೊಸ ಲ್ಯಾಪ್‌ಟಾಪುಗಳಲ್ಲಿ ಅನೇಕವಕ್ಕೆ ಹಳೆಯ ಎಸ್3 ಇಲ್ಲ. ಅದರ ಬದಲು ಮಾಡರ್ನ್ ಸ್ಟ್ಯಾಂಡ್‌ಬೈ, ಫೋನಿನ ಹಾಗೆ ತೆರೆ ಆರಿದರೂ ಒಳಗೆ ಅರೆಎಚ್ಚರ. ಮುಚ್ಚಳ ತೆರೆದ ಕೂಡಲೇ ಎದ್ದು ನಿಲ್ಲುತ್ತದೆ, ಒಪ್ಪಬೇಕು. ಅರೆಎಚ್ಚರದಲ್ಲಿ ಅಪ್‌ಡೇಟ್ ಇಳಿಸುತ್ತಲೋ, ಯಾವುದೋ ಡ್ರೈವರ್ ಕೈಕೊಟ್ಟೋ ಪೂರ್ತಿ ಎಚ್ಚರಾದರೆ ಪಜೀತಿ. ಬಿಟಿಎಂ ಪಿಜಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೊರಟವರು ಸಿಲ್ಕ್ ಬೋರ್ಡ್ ದಾಟುವುದರೊಳಗೆ ಬ್ಯಾಗಿನ ಬೆನ್ನು ಬೆಚ್ಚಗಾಗುವುದನ್ನು ಬಲ್ಲರು. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಶುರುವಾಗಿ ದಾರಿಯ ಹೊತ್ತೇನೋ ತಗ್ಗಿದೆ, ಬ್ಯಾಗಿನ ಕಾವು ತಗ್ಗಿಲ್ಲ. ಚಾರ್ಜ್ ಬಹಳ ಸೋರಿದರೆ ತಾನೇ ಹೈಬರ್ನೇಟ್‌ಗೆ ಇಳಿಯುವ ಏರ್ಪಾಡನ್ನು ವಿಂಡೋಸ್‌ನಲ್ಲಿ ಇಟ್ಟಿದ್ದಾರೆ. ಕೊನೆಗೂ ಆಸರೆ ಅದೇ ಹೈಬರ್ನೇಟ್ ಎಂಬುದನ್ನು ಗಮನಿಸಿ.

ಕರೆಂಟ್ ಬಿಲ್ಲಿನ ಮಾತನ್ನು ಬೇಗ ಮುಗಿಸಬಹುದು. ಡೆಸ್ಕ್‌ಟಾಪಿಗೆ ಸ್ಲೀಪ್‌ನಲ್ಲಿ 2 ವ್ಯಾಟ್ ಎಂದು ಹಿಡಿದು ದಿನಕ್ಕೆ 14 ತಾಸು ಮಲಗಿಸಿದರೆ ವರ್ಷಕ್ಕೆ 10 ಯೂನಿಟ್ ಚಿಲ್ಲರೆ. ಯೂನಿಟ್ಟಿಗೆ ಆರು ರೂಪಾಯಿ ಹಾಕಿದರೆ ಅರವತ್ತು ರೂಪಾಯಿ. ಅದೇ ಡೆಸ್ಕ್‌ಟಾಪನ್ನು 60 ವ್ಯಾಟ್‌ನಲ್ಲಿ ಸುಮ್ಮನೆ ಉರಿಯಲು ಬಿಟ್ಟರೆ 300 ಯೂನಿಟ್ ಮೀರಿ, ಸಾವಿರದ ಎಂಟುನೂರು ರೂಪಾಯಿ ದಾಟುತ್ತದೆ. ಮಲಗಿಸುವುದಕ್ಕೂ ಆರಿಸುವುದಕ್ಕೂ ನಡುವಿನ ಉಳಿತಾಯ ಪುಡಿಗಾಸು, ಏನೂ ಮಾಡದೆ ಬಿಡುವುದೇ ದುಂದು. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಹಿಂದಿನ ಸರಾಸರಿಗೆ ಶೇಕಡಾ ಹತ್ತು ಸೇರಿಸಿದ ಮಿತಿಯೊಳಗೆ ಇರುವ ಮನೆಗಳಿಗೆ ಈ ಲೆಕ್ಕ ಹೆಚ್ಚು ತಾಗುತ್ತದೆ. ತಿಂಗಳಿಗೆ 25 ಯೂನಿಟ್ ಸುಮ್ಮನೆ ಹೋದರೆ ಮಿತಿ ದಾಟುವವರೂ ಇರಬಹುದು.

ಕೇಳಬೇಕಾದ್ದು ಕೇಳುತ್ತೇವೆ. ಹೈಬರ್ನೇಟ್ ಅನ್ನು ಸ್ಟಾರ್ಟ್ ಮೆನುವಿನ ಪವರ್ ಗುಂಡಿಯಡಿ ತಂದಿಡಲು ಕಂಟ್ರೋಲ್ ಪ್ಯಾನಲ್ಲಿನಲ್ಲಿ ಒಂದು ಗುರುತು ಹಾಕಿದರೆ ಸಾಕು. ಫಾಸ್ಟ್ ಸ್ಟಾರ್ಟಪ್ ತೆಗೆಯುವ ಚೌಕವೂ ಅದೇ ಪುಟದಲ್ಲಿದೆ. ಕಾಲೇಜಿನ ಲ್ಯಾಬ್, ಬಿಲ್ ಕೌಂಟರ್, ಡಿಟಿಪಿ ಅಂಗಡಿಗಳಿಗೆ ಯಂತ್ರ ಜೋಡಿಸಿಕೊಡುವವರು ಇವೆರಡನ್ನೂ ಮಾಡಿಯೇ ಒಪ್ಪಿಸಬೇಕು. ಮನೆಯ ಇನ್ವರ್ಟರಿಗೆ ಡೆಸ್ಕ್‌ಟಾಪ್ ತಗುಲಿಸಿದವರು ಅದರ ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿರಬೇಕು. ಇಲ್ಲವಾದರೆ ಕರೆಂಟ್ ಹೋಗಿ ಬ್ಯಾಟರಿ ಹಿಡಿದುಕೊಳ್ಳುವ ಆ ಕ್ಷಣದಲ್ಲೇ ಯಂತ್ರ ರೀಸ್ಟಾರ್ಟ್ ಆಗುತ್ತದೆ, ಯಾವ ಮೋಡ್ ಇದ್ದರೂ ಉಪಯೋಗವಿಲ್ಲ.

ಹಳೆಯ ಡೆಸ್ಕ್‌ಟಾಪ್ ಕೊಟ್ಟು ಲ್ಯಾಪ್‌ಟಾಪ್ ಕೊಳ್ಳಲು ಹೊರಟವರಿಗೆ ಒಂದು ಮಾತು. ಪೆಟ್ಟಿಗೆಯ ಮೇಲೆ ಎಷ್ಟು ಜಿಬಿ, ಎಷ್ಟು ಗಂಟೆಯ ಬ್ಯಾಟರಿ ಎಂದೆಲ್ಲ ಬರೆದಿರುತ್ತದೆ. ಮುಚ್ಚಿಟ್ಟ ಒಂದು ರಾತ್ರಿಯಲ್ಲಿ ಎಷ್ಟು ಚಾರ್ಜ್ ಸೋರುತ್ತದೆ ಎಂಬುದನ್ನು ಮಾತ್ರ ಬರೆದಿರುವುದಿಲ್ಲ. ಬ್ಯಾಗು, ಮೌಸು ಫ್ರೀ ಕೊಡಿ ಎಂದು ಚೌಕಾಸಿ ಶುರುಮಾಡುವ ಮುಂಚೆ ಅಂಗಡಿಯವರಿಗೆ ಕಮಾಂಡ್ ಪ್ರಾಂಪ್ಟ್ ತೆರೆಯಲು ಹೇಳಿ. ಪವರ್‌ಸಿಎಫ್‌ಜಿ ಎಂದು ಟೈಪ್ ಮಾಡಿಸಿ, ಜಾಗ ಬಿಟ್ಟು ಒಂದು ಓರೆಗೆರೆ, ಅದರ ಪಕ್ಕ ಎ ಅಕ್ಷರ. ಆ ಯಂತ್ರಕ್ಕೆ ಯಾವ್ಯಾವ ನಿದ್ದೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬ ಪಟ್ಟಿ ತೆರೆಯ ಮೇಲೆ ಬರುತ್ತದೆ. ಅದರಲ್ಲಿ ಎಸ್3 ಇಲ್ಲದಿದ್ದರೆ, ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುವಂತೆ ಅಲ್ಲೇ ಮಾಡಿಸಿಕೊಂಡು, ಆಮೇಲೆ ದುಡ್ಡು ಕೊಡಿ.