ಕೋಲಾರದ ಗಣಿಯ ಇನ್ನೊಂದು ಸಂಪತ್ತು

ಕೋಲಾರದ ಚಿನ್ನದ ಗಣಿಯ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯು ಕೈಗೊಂಡ ಈ ಉದ್ಯಮಕ್ಕಾಗಿಯೇ 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಹರಿದು ಬಂದಿತು. ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಆಳ ಹೆಚ್ಚಿದಂತೆ ಬಂಡೆಯ ಶಾಖವೂ ಸಿಡಿತವೂ ಹೆಚ್ಚಿದವು. ಅದಿರಿನ ಸತ್ವ ಕುಗ್ಗಿತು. ವೆಚ್ಚವು ಆದಾಯವನ್ನು ಮೀರಿತು. 2001ರ ಫೆಬ್ರವರಿ 28ರಂದು ಗಣಿಯನ್ನು ಮುಚ್ಚಲಾಯಿತು.

ಆದರೆ ಈ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಯಿತೆಂದು ನಮ್ಮ ಅಭಿಪ್ರಾಯ. 1965ರಲ್ಲಿ ಭಾರತ, ಜಪಾನ್, ಇಂಗ್ಲೆಂಡುಗಳ ವಿಜ್ಞಾನಿಗಳು ಈ ಗಣಿಯ ಸುಮಾರು 2,300 ಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಸುಳಿವನ್ನು ಹಿಡಿದರು. ವಿಶ್ವಕಿರಣಗಳ ಇತರ ಕಣಗಳನ್ನು ಮೇಲಿನ ಬಂಡೆಯೇ ತಡೆಯುತ್ತಿತ್ತು. ಈ ಕಾರ್ಯಕ್ಕೆ ಬಂಡೆಯಲ್ಲಿ ಚಿನ್ನವಿದ್ದರೇನು, ಇಲ್ಲದಿದ್ದರೇನು?

ಇಂದು ಆ ಆಳವೆಲ್ಲ ನೀರಿನಲ್ಲಿ ಮುಳುಗಿದೆ. ನೀರೆತ್ತುವ ವೆಚ್ಚ ಸಣ್ಣದಲ್ಲ, ನಿಜ. ಆದರೆ ಅಂತಹ ಆಳವನ್ನು ಹೊಸದಾಗಿ ತೋಡುವ ವೆಚ್ಚವೆಷ್ಟು? ಅದನ್ನು ತೋಡುತ್ತ ಪ್ರಾಣ ತೆತ್ತ ಕಾರ್ಮಿಕರ ಶ್ರಮಕ್ಕೆ ಬೆಲೆ ಕಟ್ಟುವವರಾರು? ಆ ಕಾರ್ಮಿಕರ ಊರಿನವರು ಇಂದು ಕೂಲಿಗಾಗಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದಾರೆ.

ಗಣಿಯೊಂದನ್ನು ಮುಚ್ಚುವ ಮುನ್ನ ಚಿನ್ನವನ್ನಷ್ಟೇ ತೂಗಿದರೆ ಸಾಲದು. ಆಳವನ್ನೂ, ಅದನ್ನು ತೋಡಿದವರ ಅನುಭವವನ್ನೂ ತೂಗಬೇಕು. ನಾಳೆ ಇಂತಹ ಲೆಕ್ಕ ಹಾಕುವವರು ಇಂದಿನ ವಿದ್ಯಾರ್ಥಿಗಳೇ.