ಅಪಾಯಕಾರಿ ಚಾಲನೆ: ಸಾರ್ವಜನಿಕರ ದೂರಿನಿಂದ ಶಿಕ್ಷೆಯಾದೀತೇ?

ಕಿರಿಮಂಜೇಶ್ವರದ ನನ್ನ ಕಕ್ಷಿದಾರರೊಬ್ಬರು ಕಳೆದ ಮಳೆಗಾಲದಲ್ಲಿ ನಾವುಂದದಿಂದ ಮರಳುತ್ತಿದ್ದಾಗ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಯೊಂದು ಎಡಬದಿಯಿಂದ ನುಗ್ಗಿ ಅವರ ಕಾರನ್ನು ವಿಭಜಕದತ್ತ ಒತ್ತಿ ಸಾಗಿತು. ಪಕ್ಕದಲ್ಲಿದ್ದ ಮಗ ಮೊಬೈಲಿನಲ್ಲಿ ಚಿತ್ರೀಕರಿಸಿದ. ನೋಂದಣಿ ಸಂಖ್ಯೆ ಸ್ಪಷ್ಟವಾಗಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಅದು ಊರೆಲ್ಲ ಸುತ್ತಿತು. ಠಾಣೆಗೆ ತಲುಪಿದ್ದು ಮೂರು ವಾರಗಳ ನಂತರ. ಅಷ್ಟರಲ್ಲಿ ಮೂಲ ಚಿತ್ರಿಕೆ ಅಳಿಸಿಹೋಗಿತ್ತು. ಪ್ರಕರಣ ಅಲ್ಲಿಗೇ ನಿಂತಿತು. "ದೂರು ಕೊಟ್ಟು ಏನು ಪ್ರಯೋಜನ ಮಾರಾಯ್ರೆ?" ಎಂದು ಅವರು ಕೇಳಿದರು.

ಪ್ರಯೋಜನವಿದೆ. ಆದರೆ ದೂರು ಕೊಡುವವರಿಗೆ ಲೆಕ್ಕಪತ್ರ ಇಡುವವನ ಶಿಸ್ತು ಬೇಕು.

1988ರ ಮೋಟಾರು ವಾಹನಗಳ ಕಾಯಿದೆಯ 184ನೇ ಕಲಮು ಅಪಾಯಕಾರಿ ಚಾಲನೆಗೆ ಸಂಬಂಧಿಸಿದ್ದು. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದರೆ ಅದೇ ಕಾಯಿದೆಯ 209ನೇ ಕಲಮನ್ನು ನಮ್ಮಲ್ಲಿ ಓದಿದವರು ವಿರಳ. ಸ್ಥಳದಲ್ಲೇ ಎಚ್ಚರಿಕೆ ನೀಡಿರಬೇಕು; ಇಲ್ಲವೇ 14 ದಿನಗಳೊಳಗೆ ಚಾಲಕನಿಗೆ ಅಥವಾ ನೋಂದಾಯಿತ ಮಾಲೀಕನಿಗೆ ನೋಟೀಸು, ಅದೂ ಇಲ್ಲವಾದರೆ 28 ದಿನಗಳೊಳಗೆ ಸಮನ್ಸು ತಲುಪಬೇಕು. ಇಲ್ಲದಿದ್ದರೆ 183 ಮತ್ತು 184ನೇ ಕಲಮುಗಳಡಿ ಶಿಕ್ಷೆ ಸಾಮಾನ್ಯವಾಗಿ ಸಾಧ್ಯವಿಲ್ಲ. ಹೆಸರು, ವಿಳಾಸ ಪತ್ತೆಯಾಗದಿದ್ದಲ್ಲಿ ವಿನಾಯಿತಿಯುಂಟು. ನೋಂದಣಿ ಸಂಖ್ಯೆ ಕೈಯಲ್ಲಿರುವಾಗ ಆ ಸಬೂಬು ನಿಲ್ಲುವುದು ಕಷ್ಟ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿಗೆ ಈ ಗಡುವಿಲ್ಲ, ಆದರೆ ಜೀವಾಪಾಯವನ್ನೂ ಚಾಲಕ ಯಾರೆಂಬುದನ್ನೂ ರುಜುವಾತುಪಡಿಸಬೇಕು.

ಅತಿವೇಗದ ಆರೋಪವಾದರೆ ಒಬ್ಬನೇ ಸಾಕ್ಷಿಯ ಅಂದಾಜು ಸಾಲದು. ಉಪಕರಣದ ಆಧಾರವಿರಬೇಕೆಂದು 183ನೇ ಕಲಮು ಹೇಳುತ್ತದೆ. ಚಿತ್ರಿಕೆಯ ಪ್ರತಿಯನ್ನು ಸಲ್ಲಿಸುವುದಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಅಗತ್ಯ. ಎಲ್ಲಕ್ಕಿಂತ ಮಿಗಿಲಾಗಿ, ಅಂಗಡಿಯ ಬಾಗಿಲು ಹಾಕಿ ನ್ಯಾಯಾಲಯಕ್ಕೆ ಹೋಗಿ ಸಾಕ್ಷಿ ನುಡಿಯುವ ಮನಸ್ಸಿರಬೇಕು.

ಬೆಂಗಳೂರು ಸಂಚಾರ ಪೊಲೀಸರು 2015ರಲ್ಲಿ ಜನಾಗ್ರಹ ಸಂಸ್ಥೆಯೊಡನೆ ಆರಂಭಿಸಿದ 'ಪಬ್ಲಿಕ್ ಐ' ವ್ಯವಸ್ಥೆಯಲ್ಲಿ ನಾಗರಿಕರು ಕಳುಹಿಸಿದ ಚಿತ್ರಗಳ ಮೇಲೆ ಮಾಲೀಕರಿಗೆ ನೋಟೀಸು ಹೋಗುತ್ತಿತ್ತು. ಹೆಲ್ಮೆಟ್ ಇಲ್ಲದ್ದು, ತಪ್ಪು ನಿಲುಗಡೆ ಒಂದೇ ಚಿತ್ರದಲ್ಲಿ ಕಾಣುತ್ತವೆ. ದಂಡ ಕಟ್ಟಿದರೆ ಮುಗಿಯಿತು. ಅಪಾಯಕಾರಿ ಚಾಲನೆ ಹಾಗಲ್ಲ. ದಂಡದ ರಸೀದಿಯನ್ನೇ ಶಿಕ್ಷೆಯೆಂದು ತಿಳಿಯುವುದು ತಪ್ಪು.

ಸ್ಪರ್ಧಿಯ ವಾಹನದ ಮೇಲೆ ದ್ವೇಷದ ದೂರು ಬರಬಹುದೆಂದು ನಮ್ಮ ಕೆಲ ಸದಸ್ಯರು ಅಂಜುತ್ತಾರೆ. ಅಂಜಿಕೆ ನಿರಾಧಾರವಲ್ಲ; ಮೇಲಿನ ನಿಬಂಧನೆಗಳೇ ಅದಕ್ಕೆ ರಕ್ಷಣೆ. ಆದುದರಿಂದ ಅವನ್ನು ಸಡಿಲಿಸಬೇಕೆಂಬ ವಾದವನ್ನು ನಾನು ಒಪ್ಪಲಾರೆ.

ನಮ್ಮ ಹೊಣೆಯೂ ಇದೆ. 133ನೇ ಕಲಮಿನ ಪ್ರಕಾರ ಪೊಲೀಸರು ಕೇಳಿದಾಗ ಚಾಲಕನ ಹೆಸರು, ವಿಳಾಸ, ಪರವಾನಗಿಯ ವಿವರ ನೀಡುವುದು ಮಾಲೀಕನ ಕರ್ತವ್ಯ. ಗೋಡಂಬಿ ಕಾರ್ಖಾನೆಯ ಟೆಂಪೋ ಇರಲಿ, ಮೀನಿನ ಲಾರಿ ಇರಲಿ, ಯಾವ ದಿನ ಯಾರು ಓಡಿಸಿದರೆಂಬ ದಾಖಲೆ ಎಷ್ಟು ಸಂಸ್ಥೆಗಳಲ್ಲಿದೆ? ಡೀಸೆಲ್ ವೋಚರಿನಲ್ಲಿ ಚಾಲಕನ ಸಹಿಯೇ ಇಲ್ಲದ್ದನ್ನು ಲೆಕ್ಕ ತಪಾಸಣೆಯಲ್ಲಿ ಪ್ರತಿವರ್ಷ ಕಾಣುತ್ತೇನೆ. (ಅಪರಾಧಕ್ಕೆ ತೆತ್ತ ದಂಡವನ್ನು ವಾಹನ ನಿರ್ವಹಣೆಯ ವೆಚ್ಚಕ್ಕೆ ಸೇರಿಸಿ ತರುವವರೂ ಇದ್ದಾರೆ. ಆದಾಯ ತೆರಿಗೆಯಲ್ಲಿ ಅದಕ್ಕೆ ಅವಕಾಶವಿಲ್ಲ.)

2016ರ ಜೂನ್ 21ರಂದು ತ್ರಾಸಿಯ ಮೋವಾಡಿ ಕ್ರಾಸ್ ಬಳಿ ಬಸ್ಸು ಮತ್ತು ಶಾಲಾ ವಾಹನದ ಡಿಕ್ಕಿಯಲ್ಲಿ ಎಂಟು ಮಕ್ಕಳನ್ನು ಕಳೆದುಕೊಂಡ ಹೆದ್ದಾರಿ ಇದು. ಕಕ್ಷಿದಾರರಿಗೆ ನಾನು ಹೇಳಿದ್ದು ಇಷ್ಟೇ: ಮುಂದಿನ ಸಲ ಚಿತ್ರಿಕೆಯನ್ನು ಯಾರಿಗೂ ಕಳುಹಿಸುವ ಮೊದಲು, ಎರಡು ದಿನಗಳೊಳಗೆ, ಸಮಯ ಮತ್ತು ಸ್ಥಳ ಬರೆದ ಲಿಖಿತ ದೂರನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.