ಒಂದೇ ಸಾಕ್ಷಿಗೆ ತೀರ್ಪು ಬೇಡ

ಗೆಳೆಯರೇ, ಪ್ರಾಚೀನ ಜೀವಿಗಳು ಅಂದ ಕೂಡಲೇ ನಮಗೆ ನೆನಪಾಗೋದು ಡೈನೋಸಾರ್ ಮೂಳೆ. ಆದರೆ ಮೂಳೆ ಎಲ್ಲಾ ಕಡೆ ಉಳಿಯೋದಿಲ್ಲ. ಮರುಭೂಮಿಯ ಮಣ್ಣಿನಡಿ ಗಟ್ಟಿಯಾಗಿ ಕೂತಿರುವ ಬಿಳಿ ಸುಣ್ಣದ ಪದರವೂ ಹಳೆಯ ಜೀವದ ಕತೆ ಹೇಳುತ್ತದೆ. ನಮ್ಮ ಎರೆ ಹೊಲಗಳಲ್ಲಿ ಸಿಗುವ ಸುಣ್ಣದ ಹರಳುಗಳೂ ಇದೇ ಜಾತಿಯವು. ಆ ಕತೆಯನ್ನು ನಂಬಬಹುದೇ? ನಂಬಬಹುದು, ಆದರೆ ಇನ್ನೊಂದು ಸಾಕ್ಷಿ ಸಿಕ್ಕ ಮೇಲೆ ಎಂಬುದು ನನ್ನ ಅಭಿಪ್ರಾಯ.

ಮೊದಲು ವಿಷಯ ತಿಳಿಯೋಣ. ಇಂಗಾಲದಲ್ಲಿ ಎರಡು ಸ್ಥಿರ ಸಮಸ್ಥಾನಿಗಳಿವೆ. ಇವನ್ನೇ ಐಸೋಟೋಪ್ ಎನ್ನುತ್ತಾರೆ. ನೂರಕ್ಕೆ ಸುಮಾರು 99 ಪಾಲು ಹಗುರವಾದ ಇಂಗಾಲ-12, ಉಳಿದ 1 ಪಾಲು ಭಾರವಾದ ಇಂಗಾಲ-13. ಎಷ್ಟು ವರ್ಷ ಕಳೆದರೂ ಇವು ತಾವಾಗಿ ಬದಲಾಗುವುದಿಲ್ಲ. ಗಿಡಗಳು ಗಾಳಿಯಿಂದ ಹಗುರವಾದದ್ದನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಬೇರುಗಳು ಉಸಿರಾಡಿ ಬಿಟ್ಟ ಇಂಗಾಲದ ಡೈ ಆಕ್ಸೈಡ್ ಮಣ್ಣಿನ ನೀರಿನಲ್ಲಿ ಕರಗಿ, ಕ್ಯಾಲ್ಸಿಯಂ ಜೊತೆ ಸೇರಿ, ನೀರು ಆರಿದಾಗ ಸುಣ್ಣವಾಗಿ ಕೂರುತ್ತದೆ. ಹೀಗೆ ಗಿಡದ ಗುರುತು ಕಲ್ಲಿಗೆ ಇಳಿಯುತ್ತದೆ.

ಗಿಡಗಳಲ್ಲೂ ಎರಡು ಮುಖ್ಯ ಬಗೆ. ಮರಗಳು, ಭತ್ತ, ಗೋಧಿ ಇಂಗಾಲ-13ನ್ನು ಬಹಳ ಕಡಿಮೆ ತಗೊಳ್ಳುತ್ತವೆ. ಜೋಳ, ರಾಗಿ, ಕಬ್ಬು ಮತ್ತು ಬಿಸಿಲು ನಾಡಿನ ಅನೇಕ ಹುಲ್ಲುಗಳು ಅದಕ್ಕಿಂತ ಜಾಸ್ತಿ ತಗೊಳ್ಳುತ್ತವೆ. ಆದ್ದರಿಂದ ಕಾಡಿನ ಕೆಳಗಿನ ಸುಣ್ಣಕ್ಕೂ ಹುಲ್ಲುಗಾವಲಿನ ಸುಣ್ಣಕ್ಕೂ ಲೆಕ್ಕ ಬೇರೆ.

ತೊಡಕು ಇರೋದು ಇಲ್ಲೇ. ಏನೂ ಬೆಳೆಯದ ಕಡೆ ಬೇರಿನ ಉಸಿರಿಲ್ಲ. ಅಲ್ಲಿ ಗಾಳಿಯ ಇಂಗಾಲವೇ ಮಣ್ಣಿಗೆ ಇಳಿದು ಸುಣ್ಣದಲ್ಲಿ ಇಂಗಾಲ-13 ಜಾಸ್ತಿ ಆಗುತ್ತದೆ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಮಳೆ ಬಹಳ ಅಪರೂಪವಾದ ಭಾಗಗಳಲ್ಲಿ ಹೀಗಿದೆ. ಅಂದಮೇಲೆ ಇಂಗಾಲ-13 ಜಾಸ್ತಿ ಕಂಡರೆ ಅದು ಹುಲ್ಲುಗಾವಲೂ ಆಗಿರಬಹುದು, ಬರಡು ನೆಲವೂ ಆಗಿರಬಹುದು! ಲೆಕ್ಕ ಒಂದೇ, ಅರ್ಥ ಎರಡು.

ಹಾಗಾದರೆ ವಿಜ್ಞಾನಿಗಳು ಏನು ಮಾಡಿದರು? ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯ ಹಳೆಯ ಮಣ್ಣಿನ ಸುಣ್ಣದಲ್ಲಿ, ಸುಮಾರು 70 ಲಕ್ಷ ವರ್ಷಗಳ ಹಿಂದೆ ಇಂಗಾಲ-13 ಏರಿದ್ದನ್ನು ಕ್ವೇಡ್, ಸರ್ಲಿಂಗ್, ಬೌಮನ್ ಎಂಬುವರು 1989ರಲ್ಲಿ ಪ್ರಕಟಿಸಿದರು. ಹುಲ್ಲು ಹರಡಿತು ಎಂದು ಅದರಿಂದ ತಿಳಿಯಿತು. ಆಮೇಲೆ ಅಲ್ಲೇ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿದಾಗ ಅವೂ ಅಂಥ ಹುಲ್ಲನ್ನೇ ಮೇಯತೊಡಗಿದ್ದು ಕಂಡಿತು. ಕಲ್ಲು ಹೇಳಿದ್ದನ್ನೇ ಹಲ್ಲೂ ಹೇಳಿತು. ಇದು ನಂಬುವ ಮಾತು.

ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 1984ರಲ್ಲಿ ಅಂಟಾರ್ಟಿಕಾದಲ್ಲಿ ಮಂಗಳ ಗ್ರಹದ ಒಂದು ಉಲ್ಕಾಶಿಲೆ ಸಿಕ್ಕಿತು. ಅದರೊಳಗಿನ ಕಾರ್ಬೊನೇಟ್ ಕಣಗಳಲ್ಲಿ ಜೀವಿಗಳ ಕುರುಹು ಇರಬಹುದು ಎಂದು 1996ರಲ್ಲಿ ನಾಸಾ ವಿಜ್ಞಾನಿಗಳ ತಂಡ ಹೇಳಿತು. ಜಗತ್ತೆಲ್ಲ ಗುಲ್ಲೋ ಗುಲ್ಲು. ಆದರೆ ಜೀವವೇ ಇಲ್ಲದೆಯೂ ಅಂಥ ಕುರುಹುಗಳು ಉಂಟಾಗಬಲ್ಲವು ಎಂದು ಬೇರೆಯವರು ತೋರಿಸಿದರು. ಇಂದಿಗೂ ಹೆಚ್ಚಿನ ವಿಜ್ಞಾನಿಗಳು ಆ ಮಾತನ್ನು ಒಪ್ಪಿಲ್ಲ.

ಊರ ಕಟ್ಟೆಯ ಮೇಲೆ ನ್ಯಾಯ ಹೇಳುವಾಗ ಒಬ್ಬನ ಮಾತು ಕೇಳಿ ತೀರ್ಪು ಕೊಡುತ್ತಾರೆಯೇ? ಇಲ್ಲ. ವಿಜ್ಞಾನದಲ್ಲೂ ಅದೇ ಕ್ರಮ ಇರಬೇಕು. "ಬೇರೆ ಕಾರಣದಿಂದಲೂ ಹೀಗಾಗಬಹುದಾ?" ಅಂತ ಕೇಳೋದು ಅಧಿಕಪ್ರಸಂಗ ಅಲ್ಲ, ಅದೇ ನಿಜವಾದ ಕಲಿಕೆ.

ಗುರುಗಳಲ್ಲಿ ಒಂದು ವಿನಂತಿ. ಎರೆ ಹೊಲದ ಒಂದು ಸುಣ್ಣದ ಹರಳಿನ ಮೇಲೆ ಎರಡು ಹನಿ ಆಮ್ಲ ಹಾಕಿ ತರಗತಿಯಲ್ಲಿ ತೋರಿಸಿ. ಬುಸ್ಸೆಂದು ಏಳುವ ಅನಿಲವನ್ನೇ ವಿಜ್ಞಾನಿಗಳು ಯಂತ್ರದಲ್ಲಿ ಅಳೆಯುವುದು. ನಮ್ಮ ಅಭಿಪ್ರಾಯ ಒಪ್ಪದವರು ಮುಂದಿನ ಸಂಚಿಕೆಗೆ ಬರೆದು ಕೊಡಿ.